ಪರೀಕ್ಷೆಗೆಂದು ಉಳಿಸಿಕೊಂಡ ಮೂರು ದಿನ

ಮಂಗಳವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ನಾನು ಮಕ್ಕಳ ವಾರ್ಡಿನ ಏಳನೇ ಮಂಚದ ತಲೆಯ ಕಡೆ, ಡ್ರಿಪ್ ಸ್ಟ್ಯಾಂಡಿಗೂ ಕಿಟಕಿಗೂ ನಡುವೆ ನಿಂತಿದ್ದೆ. ಗಡಿಯಾರ ಎದುರುಗೋಡೆಯ ಮೇಲಿತ್ತು. ಮಂಚದ ಮೇಲೆ ನನ್ನ ಮಗಳು ಹರ್ಷಿತಾ, ಒಂಬತ್ತು ವರ್ಷ. ಬಲಗಡೆ ಬಿಳಿ ಕೋಟಿನವರು ಐದು ಜನ. ನನಗೂ ಅವಳಿಗೂ ನಡುವೆ ಯಾರೂ ಇರಲಿಲ್ಲ. ಆದ್ದರಿಂದ ನನಗೆ ಕಾಣಲಿಲ್ಲ, ಕೇಳಲಿಲ್ಲ ಅನ್ನುವಂತಿಲ್ಲ.

ಎರಡು ವರ್ಷದ ಹಿಂದೆ ಅವಳ ಮೊಣಕಾಲಿನ ಕೆಳಗೆ ಕೆಂಪು ಚುಕ್ಕೆ ಎದ್ದವು. ಸೊಳ್ಳೆ ಕಡಿದಿದೆ ಅಂದೆ. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮನೆಯಲ್ಲೇ ಎರಡು ಪವರ್‌ಲೂಮ್. ಹಗಲೆಲ್ಲ ಸೀರೆಯ ಮೇಲೆ ಕಣ್ಣು, ಮಗಳ ಕಾಲಿನ ಮೇಲಲ್ಲ. ಜ್ವರ ಬಂದ ಮೇಲೆ ಬ್ಲಡ್ ಟೆಸ್ಟ್ ಮಾಡಿಸಿದೆವು. ಲುಕೇಮಿಯಾ. ಕೀಮೋ ಕೊಟ್ಟರು. ಹೋಯಿತು. ಮತ್ತೆ ಬಂತು. ಮತ್ತೆ ಕೊಟ್ಟರು. ಈ ಸಂಕ್ರಾಂತಿ ಕಳೆದ ಮೇಲೆ ದೊಡ್ಡ ಡಾಕ್ಟರು ನನ್ನನ್ನೂ ನನ್ನ ಹೆಂಡತಿ ಪದ್ಮಾಳನ್ನೂ ಕೂರಿಸಿಕೊಂಡು, ಇನ್ನು ವಾಸಿ ಮಾಡುವ ಔಷಧ ಇಲ್ಲ, ಪ್ಯಾಲಿಯೇಟಿವ್ ಕೇರ್ ಕೊಡೋಣ ಅಂದರು. ಹಾಗಂದರೆ ನೋವು ಬರದಂತೆ ನೋಡಿಕೊಳ್ಳುವುದು, ಮನೆಯಲ್ಲಿ, ಅವಳಿಗೆ ಬೇಕಾದ ಹಾಗೆ. ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ. ಲೀಲಮ್ಮ ಅನ್ನುವ ಹೋಮ್ ಕೇರ್ ಸಿಸ್ಟರ್ ಮನೆಗೇ ಬರುತ್ತಾರೆ. ಶನಿವಾರ ಡಿಸ್ಚಾರ್ಜ್.

ಹರ್ಷಿತಾ ಕೇಳಿದ್ದು ಒಂದೇ. "ಮನೆಗೋದ್ರೆ ಅಜ್ಜಿ ಹಿತಕಿದವರೆ ಸಾರು ಮಾಡ್ತಾರಾ?"

ಶನಿವಾರ ಬ್ಯಾಗು ಕಟ್ಟಿಟ್ಟಿದ್ದೆವು. ಪಿ.ಜಿ. ಓದುತ್ತಿದ್ದ ಡಾಕ್ಟರಮ್ಮ ಬಂದಳು. ಕೈಯಲ್ಲಿ ಬಣ್ಣ ತುಂಬುವ ಪುಸ್ತಕ ಇತ್ತು.

"ಅಂಕಲ್, ಸೋಮವಾರ ಮಂಗಳವಾರ ಫೈನಲ್ ಇಯರ್‌ನವರಿಗೆ ಪ್ರಾಕ್ಟಿಕಲ್ ಎಕ್ಸಾಮ್. ಇವಳ ಲಿವರ್, ಸ್ಪ್ಲೀನ್ ಎರಡೂ ಚೆನ್ನಾಗಿ ಕೈಗೆ ಸಿಗುತ್ತೆ. ಒಳ್ಳೆ ಕೇಸ್. ಅದು ಮುಗಿಸ್ಕೊಂಡು ಹೋಗ್ತೀರಾ?"

"ಇವತ್ತೇ ಕಳಿಸ್ತೀವಿ ಅಂದಿದ್ರಲ್ಲ ಮೇಡಂ."

"ಕಳಿಸ್ತೀವಿ. ಹೆಂಗೂ ಪ್ಯಾಲಿಯೇಟಿವ್ ತಾನೆ, ಅರ್ಜೆಂಟ್ ಏನಿಲ್ಲ."

ಅರ್ಜೆಂಟ್ ಏನಿಲ್ಲ.

ಪದ್ಮಾ ನನ್ನ ಮೊಣಕೈ ಹಿಡಿದು "ಬೇಡ ಕಣ್ರೀ" ಅಂದಳು. ನಾನು ಡಾಕ್ಟರಮ್ಮನಿಗೆ ಆಯ್ತು ಅಂದೆ. ಯಾಕೆ ಅಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಯಾರೂ ಒತ್ತಾಯ ಮಾಡಲಿಲ್ಲ. ಎರಡು ವರ್ಷದಿಂದ ಬಿಳಿ ಕೋಟು ಹಾಕಿದವರು ಏನು ಕೇಳಿದರೂ ಆಯ್ತು ಅಂದು ಅಭ್ಯಾಸವಾಗಿತ್ತು. ಬೇಡ ಅಂದರೆ ನಾಳೆ ಮಾತ್ರೆ ಬರೆದುಕೊಡದಿದ್ದರೆ ಅನ್ನುವ ಭಯವೂ ಇತ್ತು. ಅಷ್ಟೇ. ಆ ತಪ್ಪು ಮಾತ್ರ ಪೂರ್ತಿ ನನ್ನದು.

ಸೋಮವಾರ ಆರು ಜನ ಅವಳ ಹೊಟ್ಟೆ ಒತ್ತಿದರು. ಸ್ಪ್ಲೀನಿನ, ಅಂದರೆ ಗುಲ್ಮದ, ಅಂಚು ಸಿಗುವವರೆಗೂ ಒತ್ತುತ್ತಾರೆ. ಉಸಿರು ಎಳ್ಕೋ, ಬಿಡು, ಎಳ್ಕೋ. ಮೊದಲ ಮೂವರು ಹೇಳಿದಂತೆ ಅವಳು ಮಾಡಿದಳು. ಆಮೇಲೆ ತುಟಿ ಕಚ್ಚಿಕೊಂಡಳು. ಅವರಲ್ಲಿ ಒಬ್ಬರೂ ಅವಳ ಮುಖ ನೋಡಲಿಲ್ಲ. ನೋಡಬೇಕೆಂದು ಅವರ ಪುಸ್ತಕದಲ್ಲೇ ಇದೆ ಎಂದು ಆಮೇಲೆ ಲೀಲಮ್ಮ ಹೇಳಿದರು: ಮಗುವಿನ ಹೊಟ್ಟೆ ಮುಟ್ಟುವಾಗ ಕಣ್ಣು ಮಗುವಿನ ಮುಖದ ಮೇಲಿರಬೇಕಂತೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮಾತ್ರೆ ಬಿಡಿಸಿ ಕೈಯಲ್ಲಿ ಹಿಡಿದಿದ್ದೆ. ಡಾಕ್ಟರಮ್ಮ ತಡೆದಳು.

"ಈಗ ಬೇಡ ಅಂಕಲ್. ಮಂಪರು ಬಂದ್ರೆ ಕೋ‌ಆಪರೇಟ್ ಮಾಡಲ್ಲ. ಎಕ್ಸಾಮ್ ಆದ್ಮೇಲೆ ಕೊಡಿ."

ಮಾತ್ರೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಒಂಬತ್ತು ಇಪ್ಪತ್ತಕ್ಕೆ ಮೂರನೆಯ ಹುಡುಗ ಒತ್ತುತ್ತಿದ್ದ. ಕನ್ನಡಕದವನು, ಎಡಗೈಗೆ ದಾರ ಕಟ್ಟಿಕೊಂಡಿದ್ದ. ಪರೀಕ್ಷೆ ಮಾಡಲು ಬೇರೆ ಊರಿನಿಂದ ಬಂದಿದ್ದ ವಯಸ್ಸಾದ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು: ಈ ಮಗು ಪ್ಯಾಲಿಯೇಟಿವ್ ಕೇರ್‌ನಲ್ಲಿದೆ, ಹಾಗಂದರೇನು?

ಹುಡುಗ ಒಂದು ಕ್ಷಣವೂ ತಡೆಯಲಿಲ್ಲ. "ನಥಿಂಗ್ ಮೋರ್ ಟು ಡು, ಸರ್. ಶೀ ಈಸ್ ಡೈಯಿಂಗ್."

ಇಂಗ್ಲಿಷ್ ನನಗೂ ಅಷ್ಟು ಗೊತ್ತು. ಹರ್ಷಿತಾಗೆ ನನಗಿಂತ ಚೆನ್ನಾಗಿ ಗೊತ್ತು. ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸು. ಅವಳು ಶಾಲೆಯಲ್ಲಿ ಮಾಡುವ ಹಾಗೆ ಬಲಗೈ ಎತ್ತಿದಳು.

"ಸರ್, ಮೇ ಐ ಗೋ ಹೋಮ್?"

ಆ ವಯಸ್ಸಾದ ಡಾಕ್ಟರು ನಕ್ಕರು, ಅದು ನಗು ಎಂದೇ ನನಗನ್ನಿಸಿತು. "ಗುಡ್ ಗರ್ಲ್. ಫೈವ್ ಮಿನಿಟ್ಸ್" ಅಂದರು. ಹುಡುಗನ ಕೈ ಅವಳ ಹೊಟ್ಟೆಯ ಮೇಲೆ ಹಾಗೇ ಇತ್ತು. ಮತ್ತೆ ಒತ್ತಿದ.

ಅವಳು ಕಿರುಚಿದಳು.

ನಾನು ಆ ಹುಡುಗನ ಕೈ ಹಿಡಿದು ಎತ್ತಿ ಪಕ್ಕಕ್ಕಿಟ್ಟೆ. ಹೊದಿಕೆ ಎಳೆದೆ. "ಸಾಕು ಸಾರ್. ಇವಳು ನನ್ನ ಮಗಳು" ಅಂದೆ. ಧ್ವನಿ ಜೋರಾಗಿರಲಿಲ್ಲ. ಪದ್ಮಾ ನನ್ನ ಜೇಬಿನಿಂದ ಮಾತ್ರೆ ತೆಗೆದು ಅವಳ ಬಾಯಿಗಿಟ್ಟಳು. ಸಾಲಿನಲ್ಲಿ ಅವನ ನಂತರ ನಿಂತಿದ್ದ ಹುಡುಗಿ ಡಾಕ್ಟರಮ್ಮನನ್ನು ಕೇಳಿದಳು: "ಅಕ್ಕ, ಹಂಗಾದ್ರೆ ನನಗೆ ಬೇರೆ ಕೇಸ್ ಕೊಡ್ತಾರಾ?"

ಹನ್ನೊಂದಕ್ಕೆ ಮನೆಯಲ್ಲಿದ್ದೆವು. ನಮ್ಮಮ್ಮ ಆಗಲೇ ಸಾರು ಮಾಡಿಟ್ಟಿದ್ದರು. ಹರ್ಷಿತಾ ಎರಡು ತುತ್ತು ಬಾಯಿಗಿಟ್ಟುಕೊಂಡಳು, ನುಂಗಲಾಗಲಿಲ್ಲ. ಶನಿವಾರ ಅವಳು ಇಡ್ಲಿ ತಿಂದಿದ್ದಳು. ಭಾನುವಾರ ಅನ್ನ ಮೊಸರು ತಿಂದಿದ್ದಳು. ಮಂಗಳವಾರದಿಂದ ಮುಂದೆ ನೀರು, ಎಳನೀರು, ಅಷ್ಟೇ.

ಮನೆಯಲ್ಲಿ ಒಂಬತ್ತು ದಿನ ಇದ್ದಳು. ಲೀಲಮ್ಮ ಮಾತ್ರೆಯನ್ನು ಪುಡಿ ಮಾಡಿ ನಾಲ್ಕು ಹನಿ ನೀರಿನಲ್ಲಿ ಕಲಸಿ ಕೆನ್ನೆಯ ಒಳಗಿಡುವುದು ಕಲಿಸಿದರು. ತುಟಿ ಒದ್ದೆ ಮಾಡುವುದು, ಯಾವ ಮಗ್ಗುಲು ಬೇಕೆಂದು ಮೊದಲು ಅವಳನ್ನೇ ಕೇಳಿ ಆಮೇಲೆ ಹೊರಳಿಸುವುದು ಕಲಿಸಿದರು. ಮಾಡುವುದಕ್ಕೆ ಬೆಳಗಿನಿಂದ ಸಂಜೆವರೆಗೂ ಕೆಲಸವಿತ್ತು. ನೋವು ಹತೋಟಿಯಲ್ಲಿತ್ತು. ಇದಕ್ಕೆ ನಾನು ಲೀಲಮ್ಮನಿಗೆ ಋಣಿ, ಆಸ್ಪತ್ರೆಗಲ್ಲ.

ಆರನೆಯ ದಿನ ಮಧ್ಯಾಹ್ನ ಲೀಲಮ್ಮನ ಹಿಂದೆ ಆ ಕನ್ನಡಕದ ಹುಡುಗ ಬಂದ. ತಾನೇ ಕೇಳಿಕೊಂಡು ಬಂದಿದ್ದನಂತೆ. ನಾನು ಕೂತ್ಕೊಳ್ಳಿ ಅನ್ನಲಿಲ್ಲ. ಹೊಸ್ತಿಲ ಒಳಗೆ ಗೋಡೆಗೆ ಒತ್ತಿಕೊಂಡು ನಿಂತ. ಲೀಲಮ್ಮ "ಏನಪ್ಪಾ, ನೋಡೋಕ್ ಬಂದಿದ್ದೀಯಾ, ಕಲಿಯೋಕ್ ಬಂದಿದ್ದೀಯಾ? ಬಟ್ಟಲು ಹಿಡ್ಕೋ" ಅಂದರು. ಹಿಡಿದುಕೊಂಡ. ಅವರು ಮುಗಿಸುವವರೆಗೂ, ಮುಕ್ಕಾಲು ಗಂಟೆ.

ಹರ್ಷಿತಾ ಕಣ್ಣು ಬಿಟ್ಟು ಅವನನ್ನು ಗುರುತು ಹಿಡಿದಳು. "ಪಾಸಾದ್ರಾ?"

"ರಿಸಲ್ಟ್ ಬಂದಿಲ್ಲ."

"ನಿಮ್ ಕೈ ತುಂಬಾ ತಣ್ಣಗಿತ್ತು."

ಅವನು ಸಾರಿ ಅಂದ. ಅವಳು ಪರವಾಗಿಲ್ಲ ಅಂದಳು. ಅದು ಅವಳ ಮಾತು. ನಾನು ಅಂದಿಲ್ಲ, ಇವತ್ತಿಗೂ ಅನ್ನುವುದಿಲ್ಲ. ಆದರೆ ಅವನು ಬಟ್ಟಲು ಹಿಡಿದು ನಿಂತಿದ್ದ ಅನ್ನುವುದೂ ನಿಜ, ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಮಂಗಳವಾರ ಏಳನೇ ಮಂಚದ ಹತ್ತಿರ ನಡೆದದ್ದನ್ನು ಕಂಡವರು ಇದ್ದಾರೆ. ಪದ್ಮಾ ಇದ್ದಾಳೆ. ಆ ಹುಡುಗ ಇದ್ದಾನೆ, ಸಾಲಿನಲ್ಲಿದ್ದ ಹುಡುಗಿ ಇದ್ದಾಳೆ, ಡಾಕ್ಟರಮ್ಮ ಇದ್ದಾಳೆ, ನಕ್ಕ ಆ ವಯಸ್ಸಾದ ಡಾಕ್ಟರೂ ಇದ್ದಾರೆ. ಎಂಟನೇ ಮಂಚದ ಪಕ್ಕ ಅನುಗೊಂಡನಹಳ್ಳಿಯ ನಾಗರತ್ನಮ್ಮ ತಮ್ಮ ಮಗನ ಎರಡೂ ಕಿವಿ ಅಂಗೈಯಿಂದ ಮುಚ್ಚಿ ಕೂತಿದ್ದರು. ಅವರಿದ್ದಾರೆ. ಅವರ ಮಗನಿಗೆ ನ್ಯುಮೋನಿಯಾ ಇತ್ತು, ವಾಸಿಯಾಯಿತು, ಅವನೂ ಇದ್ದಾನೆ.