ಮದುವೆ ಫೋಟೋ ಹಿಡಿದು ಬಳ್ಳಾರಿಗೆ

ನನ್ನ ಗಂಡ ಸಿರುಗುಪ್ಪದ ಅಕ್ಕಿ ಮಿಲ್ಲೊಂದರಲ್ಲಿ ಫಿಟ್ಟರು. ಅಕ್ಕಿಯಿಂದ ಕಲ್ಲು, ಕಪ್ಪು ಕಾಳು ಆರಿಸುವ ಯಂತ್ರ ಕೆಟ್ಟು ನಿಂತಿತ್ತು. ಅದರ ಭಾಗವೊಂದನ್ನು ರಿಪೇರಿ ಮಾಡಿಸಲು ರೈಲಿನಲ್ಲಿ ಕೊಯಮತ್ತೂರಿಗೆ ಹೋಗಿದ್ದರು. ಬೇಗ ವಾಪಸು ಬರಲೆಂದು ಮಿಲ್ಲಿನ ಸಾಹುಕಾರರೇ ಹೈದರಾಬಾದಿನವರೆಗೆ ವಿಮಾನದ ಟಿಕೆಟ್ ತೆಗೆಸಿದ್ದರು. ಅದು ನನ್ನ ಗಂಡನಿಗೆ ಮೊದಲ ವಿಮಾನ. "ಕಿಡಕಿ ಸೀಟು ಕೊಟ್ಟಾರಲೇ. ಮ್ಯಾಲಿಂದ ನಿಮ್ಮವ್ವನ ಮನಿ ಕಾಣ್ತೈತೇನು ನೋಡ್ತೀನಿ" ಎಂದು ಹಿಂದಿನ ದಿನ ಫೋನಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. ನನಗೆ ಆಕಾಶದ ಮೇಲೆ ಮೊದಲಿನಿಂದಲೂ ನಂಬಿಕೆ ಇಲ್ಲ.

ಶಾಲೆಗೆ ರಜೆ ಇದ್ದದ್ದರಿಂದ ನಾನು ಕುರುಗೋಡಿನಲ್ಲಿ ಅವ್ವನ ಮನೆಯಲ್ಲಿದ್ದೆ. ಬೆಳಿಗ್ಗೆ ಎಂಟಕ್ಕೆ ವಿಮಾನ ಏರಬೇಕು, ಹತ್ತರೊಳಗೆ ಇಳಿದು ಫೋನ್ ಮಾಡಬೇಕು. ಹತ್ತಾಯಿತು, ಹನ್ನೊಂದಾಯಿತು. ನಾನು ಮಾಡಿದರೆ ಸ್ವಿಚ್ ಆಫ್. ಅವ್ವನ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಕೈ ಉರಿಯುತ್ತಿದ್ದುದೂ ಗೊತ್ತಾಗುತ್ತಿರಲಿಲ್ಲ.

ಹನ್ನೊಂದೂವರೆಗೆ ಮಿಲ್ಲಿನ ಗುಮಾಸ್ತನ ಫೋನು ಬಂತು. ಅವನು ಎಲ್ಲವನ್ನೂ ಅರ್ಧಕ್ಕೆ ಹೇಳುವ ಮನುಷ್ಯ.

"ಅಕ್ಕಾರ, ನಿಮ್ಮ ಯಜಮಾನ್ರ ವಿಮಾನದ್ದು ಏನೋ ಆಗೈತಂತ್ರಿ. ಸಾಹುಕಾರ್ರಿಗೆ ಮೆಸೇಜ್ ಬಂದೈತಿ. ನೀವೇನ್ ಗಾಬರಿ ಆಗಬ್ಯಾಡ್ರಿ. ಕಂಪನಿಯವ್ರು ಪರಿಹಾರ ಕೊಡ್ತಾರಂತ..."

ಅಷ್ಟಕ್ಕೆ ಲೈನು ಕಟ್ಟಾಯಿತು. ಮತ್ತೆ ಮತ್ತೆ ಮಾಡಿದೆ, ಹತ್ತಲಿಲ್ಲ.

ಪರಿಹಾರ. ನಾನು ಮಕ್ಕಳಿಗೆ ಕನ್ನಡ ಕಲಿಸುವವಳು. ಆ ಪದಕ್ಕೆ ಎಷ್ಟು ಅರ್ಥ ಇವೆಯೆಂದು ಬೋರ್ಡಿನ ಮೇಲೆ ಬರೆದು ತೋರಿಸಿದವಳು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಒಂದೇ ಅರ್ಥ. ನಾನು ಐದನೇ ತರಗತಿಯಲ್ಲಿದ್ದಾಗ ಮೆಣಸಿನಕಾಯಿ ಹೊಲದಲ್ಲಿ ಅಪ್ಪನಿಗೆ ಸಿಡಿಲು ಬಡಿಯಿತು. ಮಣ್ಣು ಮಾಡಿ ಬಂದ ಮೇಲೆ ಹಿರಿಯರೊಬ್ಬರು ಅವ್ವನ ಪಕ್ಕ ಕೂತು, "ಸರಕಾರದಾಗಿಂದ ಪರಿಹಾರ ಬರ್ತೈತವ್ವ" ಎಂದರು. ಆ ಪದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಆಮೇಲೆಯೂ ಓಣಿಯಲ್ಲಿ ಯಾರ ಮನೆಗೆ ಪರಿಹಾರ ಬಂದರೂ, ಆ ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾಗಿರುತ್ತಿತ್ತು.

ಅವ್ವನಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅವಳು ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದು ಮೊರಕ್ಕೆ ಹಾಕಿ ಕೇಳಿದಳು:

"ಯಾರ ಹೆಸರಿಗೆ ಬರ್ತೈತಂತ?"

ಆ ಪ್ರಶ್ನೆಗೆ ಹೆದರಿದಷ್ಟು ನಾನು ಗುಮಾಸ್ತನ ಫೋನಿಗೂ ಹೆದರಿರಲಿಲ್ಲ. ಅವ್ವ ಎದ್ದು ಟ್ರಂಕು ತೆಗೆದು, ರೇಷನ್ ಕಾರ್ಡು, ನನ್ನ ಆಧಾರಿನ ಜೆರಾಕ್ಸು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಆಮೇಲೆ ಸ್ಟೂಲು ಹತ್ತಿ ಗೋಡೆಯ ಮೇಲಿದ್ದ ನಮ್ಮ ಮದುವೆ ಫೋಟೋ ಇಳಿಸಿ, ಸೆರಗಿನಿಂದ ಒರೆಸಿದಳು.

"ಇದ್ಯಾಕವ್ವ?" ಎಂದೆ.

"ಕೇಳ್ತಾರ ಮಗಳ. ಗಂಡ ಹೌದೋ ಅಲ್ಲೋ ಅಂತ ಗುರುತು ಕೇಳ್ತಾರ. ನಮ್ಮದು ಫೋಟೋ ಇರಲಿಲ್ಲ. ಮೂರು ಸಲ ಬಳ್ಳಾರಿಗೆ ತಿರುಗೀನಿ. ನೀ ತಿರುಗಬ್ಯಾಡ."

ಅವಳ ಮೇಲೆ ಸಿಟ್ಟು ಬಂತು. ಕೂಗಾಡಬೇಕೆನಿಸಿತು. ಆದರೆ ಕವರು, ಫೋಟೋ ಎರಡನ್ನೂ ಇಸಿದುಕೊಂಡೆ.

ಸಾಹುಕಾರರ ಮನೆ ಬಳ್ಳಾರಿಯಲ್ಲಿದೆ, ಮೆಸೇಜ್ ಬಂದದ್ದು ಅವರಿಗೆ, ಅವರ ನಂಬರು ನನ್ನಲ್ಲಿಲ್ಲ, ಹೋಗಿ ಅವರನ್ನೇ ಕೇಳಬೇಕು ಎಂದು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಸುದ್ದಿ ನೋಡಿದೆ. ವಿಮಾನ ಬಿದ್ದ ಸುದ್ದಿ ಎಲ್ಲೂ ಇರಲಿಲ್ಲ. ಬುದ್ಧಿ ಇದ್ದವರಿಗೆ ಅಷ್ಟು ಸಾಕಿತ್ತು. ಹೆದರಿದವರಿಗೆ ಬುದ್ಧಿ ಎಲ್ಲಿರುತ್ತದೆ? ಮೊದಲು ಮನೆಯವರಿಗೆ ತಿಳಿಸಿ ಆಮೇಲೆ ಟೀವಿಗೆ ಕೊಡುತ್ತಾರೆ, ಅದಕ್ಕೇ ಇನ್ನೂ ಬಂದಿಲ್ಲ ಎಂದುಕೊಂಡೆ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಹೆದರಿಕೆ ಎನ್ನುತ್ತಾರಲ್ಲ, ನಾನು ಹಗ್ಗವನ್ನೂ ಕಾಣದೆ ಹೆದರುತ್ತಿದ್ದೆ.

ಪಕ್ಕದಲ್ಲಿ ಬುರ್ಖಾ ತೊಟ್ಟ ಮುದುಕಿಯೊಬ್ಬರು ಕೂತಿದ್ದರು. ಕಣ್ಣಿನ ಆಸ್ಪತ್ರೆಗೆ ಹೊರಟವರು. ನನ್ನ ತೊಡೆಯ ಮೇಲಿದ್ದ ಫೋಟೋ ನೋಡಿ, "ಜೋಡಿ ಚೆಂದ ಐತವ್ವ. ಹೊಸಾ ಕಟ್ಟು ಹಾಕ್ಸಾಕ ಹೊಂಟಿಯೇನು?" ಎಂದರು.

ಕಟ್ಟು ಹಾಕಿಸಿದ ಫೋಟೋಗೆ ಮುಂದೆ ಏನು ಹಾಕುತ್ತಾರೆಂದು ನನಗೆ ಗೊತ್ತು. ಫೋಟೋವನ್ನು ಬೋರಲು ಇಟ್ಟುಕೊಂಡು, ಜೀವನದಲ್ಲಿ ಮೊದಲ ಸಲ ಬಸ್ಸಿನಲ್ಲಿ ಎಲ್ಲರೆದುರು ಅತ್ತೆ. ಆ ತಾಯಿ ನನ್ನ ಕೈ ಹಿಡಿದುಕೊಂಡರು.

ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಫೋನು ಬಡಿಯಿತು. ಗೊತ್ತಿಲ್ಲದ ನಂಬರು. ಎತ್ತಲಿಲ್ಲ. ಎತ್ತಿದರೆ ಯಾರೋ ಅಧಿಕಾರಿ ನನ್ನ ಹೆಸರು ಕೇಳುತ್ತಾನೆ, ನಾನು ಹೌದು ಎನ್ನಬೇಕಾಗುತ್ತದೆ. ಎತ್ತುವ ತನಕ ನಮ್ಮವರು ಬದುಕಿರುತ್ತಾರೆ ಎಂದು ಆ ಕ್ಷಣ ನಿಜವಾಗಿಯೂ ನಂಬಿದ್ದೆ. ಎರಡನೇ ಸಲ ಬಡಿಯಿತು, ಆಗಲೂ ಬಿಟ್ಟೆ. ಮೂರನೇ ಸಲಕ್ಕೆ ಮುದುಕಿ, "ಎತ್ತವ್ವ. ಅಲ್ಲಾ ಅದಾನ" ಎಂದರು.

"ಎಷ್ಟು ಸಲ ಮಾಡಬೇಕಲೇ ನಿನಗ?"

ನನ್ನ ಗಂಡ. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ.

ವಿಮಾನ ಹಾರಿಯೇ ಇರಲಿಲ್ಲ. ಎಂಟಕ್ಕೆ ಬಿಡಬೇಕಾದ್ದು ಒಂಬತ್ತು ಎಂದರಂತೆ, ಹತ್ತು ಎಂದರಂತೆ, ಕೊನೆಗೆ ರದ್ದು ಎಂದರಂತೆ. ಟಿಕೆಟ್ ತೆಗೆಸಿದ್ದು ಸಾಹುಕಾರರ ನಂಬರಿನಿಂದ, ಹಾಗಾಗಿ ಮೆಸೇಜೆಲ್ಲ ಸಾಹುಕಾರರಿಗೆ. ಒಳಗೆ ಕೂತ ಮನುಷ್ಯನಿಗೆ ಕಾರಣ ಹೇಳಿಲ್ಲ, ಹೊರಗೆ ಕಾಯುವ ಹೆಂಡತಿಗೆ ಸುದ್ದಿಯೇ ಇಲ್ಲ. ಇವರ ಫೋನಿನ ಬ್ಯಾಟರಿ ಸತ್ತು, ಈಗ ಯಾರದೋ ಫೋನಿನಿಂದ ಮಾಡುತ್ತಿದ್ದರು.

"ಒಂದು ಸಮೋಸ, ಒಂದು ಜ್ಯೂಸ್ ಡಬ್ಬಿ ಕೊಟ್ಟಾರ ನೋಡು" ಎಂದರು, ಕೂಸಿನ ಹಾಗೆ. "ಮತ್ತ ಫಾರಂ ಕೊಟ್ಟಾರ. ತುಂಬಿದ್ರ ಪರಿಹಾರ ಕೊಡ್ತಾರಂತ."

"ಬ್ಯಾಡ!" ಎಂದು ಕಿರುಚಿದೆ. ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ತಿರುಗಿ ನೋಡಿತು. "ಸಹಿ ಮಾಡಬ್ಯಾಡ್ರಿ! ಆ ರೊಕ್ಕ ನಮ್ಮ ಮನಿಗೆ ಬ್ಯಾಡ. ಹರಿದು ಒಗೀರಿ!"

"ನಿನಗೇನ್ ಹುಚ್ಚು ಹಿಡೀತೇನು? ಐದು ತಾಸು ಕುಂದ್ರಿಸ್ಯಾರ. ಯಾಕ ಬಿಡಬೇಕು?"

ಅವರು ಹೇಳಿದ್ದು ನ್ಯಾಯವೇ. ಇವತ್ತು ಯಾರಾದರೂ ಕೇಳಿದರೆ ನಾನೂ ಹಾಗೇ ಹೇಳುತ್ತೇನೆ. ವಿಮಾನದವರು ಕೊಡಬೇಕು, ಬಾಯಿ ಮುಚ್ಚಿಕೊಂಡು ಕೊಡಬೇಕು. ತಡವಾದದ್ದಕ್ಕಿಂತ ಹೆಚ್ಚಾಗಿ, ಹೇಳದೆ ಕೂರಿಸಿದ್ದಕ್ಕೆ ಕೊಡಬೇಕು. ಆದರೆ ಅವತ್ತು ನನ್ನ ತೊಡೆಯ ಮೇಲೆ ಮದುವೆ ಫೋಟೋ ಇತ್ತು. ಆ ಪದ ಇನ್ನೊಮ್ಮೆ ನಮ್ಮ ಹೊಸ್ತಿಲು ದಾಟುವುದು ನನಗೆ ಬೇಡವಾಗಿತ್ತು. ಸಹಿ ಮಾಡಬಾರದೆಂದು ಆಣೆ ಹಾಕಿಯೇ ಫೋನ್ ಇಟ್ಟೆ.

ಮುದುಕಿಯನ್ನು ಆಸ್ಪತ್ರೆಯ ಆಟೋ ಹತ್ತಿಸಿ, ನಾನು ವಾಪಸು ಕುರುಗೋಡಿನ ಬಸ್ಸು ಹಿಡಿದೆ. ಅವ್ವನಿಗೆ ಫೋನ್ ಮಾಡಿ ಹೇಳೋಣವೆಂದರೆ ಅವಳು ಎತ್ತಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಯಾಕೆ ಎತ್ತಲಿಲ್ಲವೋ, ಅವಳೂ ಅದಕ್ಕೇ ಎತ್ತುತ್ತಿರಲಿಲ್ಲ.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ತೊಟ್ಟು ಬಿಡಿಸಿದ ಕಾಯಿ ಒಂದು ಕಡೆ, ಬಿಡಿಸದ್ದು ಇನ್ನೊಂದು ಕಡೆ, ನಾನು ಹೋಗುವಾಗ ಎಷ್ಟಿತ್ತೋ ಅಷ್ಟೇ ಇತ್ತು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕವರನ್ನೇ ನೋಡಿದಳು. ದೂರದಿಂದಲೇ, "ಆರಾಮ ಅದಾರವ್ವ! ವಿಮಾನ ಹೋಗೇ ಇಲ್ಲ!" ಎಂದು ಕೂಗಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಅತ್ತಳು, ಅಪ್ಪ ಹೋದಾಗಲೂ ನಾನು ನೋಡಿರದ ಹಾಗೆ.

ಸಮಾಧಾನವಾದ ಮೇಲೆ ಕೇಳಿದಳು.

"ಮತ್ತ ಪರಿಹಾರ ಅಂದ್ನಲ್ಲ ಆ ಗುಮಾಸ್ತ?"

"ಕಾಯಿಸಿದ್ದಕ್ಕ ಕೊಡ್ತಾರಂತವ್ವ. ಫಾರಂ ತುಂಬಬೇಕಂತ. ನಾ ಬ್ಯಾಡ ಅಂತ ಆಣಿ ಹಾಕೀನಿ."

"ಬದುಕಿದ್ದವ್ರಿಗೂ ಕೊಡ್ತಾರೇನು?"

"ಹೂಂ."

ಅವ್ವ ಫೋಟೋ ಇಸಿದುಕೊಂಡು ನೋಡುತ್ತ ಕೂತಳು. ಅಪ್ಪನ ಪರಿಹಾರಕ್ಕೆ ಅವಳು ಹೆಬ್ಬೆಟ್ಟು ಒತ್ತಿದ್ದು ನನಗೆ ನೆನಪಿದೆ. ಆ ಶಾಯಿ ಹೋಗಲೆಂದು ಬೆರಳನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಗಾಯ ಮಾಡಿಕೊಂಡಿದ್ದಳು.

"ಆ ಫಾರಂಗೆ ಸಹಿ ಯಾರು ಮಾಡಬೇಕು?"

"ಅವರಾ ಮಾಡಬೇಕವ್ವ. ನಿನ್ನ ಅಳಿಯಂದ್ರಾ."

"ಅವ್ರ ಕೈಲೆ?"

"ಅವ್ರ ಕೈಲೆನಾ."

ಅವ್ವ ಫೋಟೋ ಹಿಡಿದು ಎದ್ದಳು. ಸ್ಟೂಲು ಹತ್ತಿ ಮೊಳೆಗೆ ಸಿಕ್ಕಿಸಿ, ಇಳಿಯದೆ ಅಲ್ಲಿಂದಲೇ ಹೇಳಿದಳು.

"ಆಣಿ ವಾಪಸ್ ತಗೋ. ಫೋನ್ ಹಚ್ಚು. ಸಹಿ ಮಾಡಂತ ಹೇಳು."