ಎಡಗಡೆಯ ಹುಳಗಳು

ನನ್ನ ಗಂಡನಿಗೆ ಲಕ್ವ ಹೊಡೆದದ್ದು ಮಾವಿನ ಕಾಲದಲ್ಲಿ. ಗೌನಿಪಲ್ಲಿಯ ಒಂದು ತೋಪಿನಲ್ಲಿ ತಮ್ಮ ಗೂಡ್ಸ್ ಗಾಡಿಗೆ ಕ್ರೇಟ್ ತುಂಬಿಸುತ್ತಿದ್ದವರು ನಿಂತಲ್ಲೇ ಕುಸಿದು ಕೂತರಂತೆ. ಎಬ್ಬಿಸಲು ಬಂದವರಿಗೆ, "ನಂಗೇನೂ ಆಗಿಲ್ಲ, ಬಿಡ್ರಯ್ಯಾ" ಅಂದರಂತೆ. ಕೋಲಾರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಮುಳಬಾಗಿಲಿನ ಮನೆಗೆ ಬಂದೆವು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಎಡಗೈಯ ಹಿಡಿತ ಸಡಿಲವಾಗಿತ್ತು. ಮಾತು ಮಾತ್ರ ಮೊದಲಿನಷ್ಟೇ ಸ್ವಚ್ಛ. ಬೀದಿಯವರೆಲ್ಲ ಬಂದು ನೋಡಿ, ಸಣ್ಣದರಲ್ಲೇ ಕಳೆಯಿತು ಅಂದರು. ನಾನೂ ಹಾಗೇ ನಂಬಿದೆ.

ಮನೆಗೆ ಬಂದ ದಿನವೇ ಮಧ್ಯಾಹ್ನ ಊಟಕ್ಕೆ ಹಾಕಿದೆ. ಮುದ್ದೆಯ ಬಲಗಡೆಯ ಅರ್ಧ ತಿಂದು, ಸಾರು ಸುರಿದುಕೊಂಡು, ಕೈ ತೊಳೆಯಲು ಎದ್ದರು.

"ಯಾಕ್ರೀ, ಅಷ್ಟೇನಾ?"

"ಹೊಟ್ಟೆ ತುಂಬ್ಲಿಲ್ಲ. ನೀನು ಹಾಕಿದ್ದೇ ಅಷ್ಟು. ಪಲ್ಯನಾದ್ರೂ ಮಾಡಬಾರದಿತ್ತಾ?"

ಪಲ್ಯ ತಟ್ಟೆಯ ಎಡಗಡೆ ಹಾಗೇ ಇತ್ತು. ಉಳಿದ ಅರ್ಧ ಮುದ್ದೆಯೂ ಅಲ್ಲೇ ಇತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ತಟ್ಟೆಯನ್ನು ತಿರುಗಿಸಿ ಇಟ್ಟೆ. "ಓ, ಈಗ ತಂದ್ಯಾ?" ಅಂತ ಮತ್ತೆ ಕೂತು ತಿಂದರು.

ಡಾಕ್ಟರ ಹತ್ತಿರ ಮತ್ತೆ ಹೋದಾಗ ಅವರು ವಿವರಿಸಿದರು. ಕಣ್ಣು ಸರಿಯಾಗಿದೆಯಂತೆ. ಆದರೆ ಎಡಗಡೆ ಅನ್ನುವುದೊಂದು ಇದೆ ಅನ್ನುವುದೇ ಅವರ ಮೆದುಳಿಗೆ ತಿಳಿಯುತ್ತಿಲ್ಲವಂತೆ. "ಕತ್ತಲು ಕವಿದ ಹಾಗೆ ಅಲ್ಲಮ್ಮ. ಕತ್ತಲಾದರೆ ಕಾಣ್ತಿಲ್ಲ ಅಂತ ಗೊತ್ತಾಗುತ್ತೆ. ಇವರಿಗೆ ಅದೂ ಗೊತ್ತಾಗಲ್ಲ. ಅದಕ್ಕೇ ಗಾಡಿ ಮುಟ್ಟಬಾರದು." ನನ್ನ ಗಂಡ ಪಕ್ಕದಲ್ಲೇ ಕೂತು ಇದನ್ನೆಲ್ಲ ಬೇರೆ ಯಾರದೋ ವಿಷಯ ಅನ್ನುವಂತೆ ಕೇಳಿಸಿಕೊಂಡರು. ಆಚೆ ಬಂದಮೇಲೆ, "ಇವ್ರು ಓದಿರೋದು ಜಾಸ್ತಿಯಾಯ್ತು. ಇಪ್ಪತ್ತೈದು ವರ್ಷದಿಂದ ಗಾಡಿ ಓಡಿಸ್ತಾ ಇದ್ದೀನಿ. ನಂಗೆ ಎಡ ಬಲ ಹೇಳಿಕೊಡ್ತಾರಾ?" ಅಂದರು.

ಗಡ್ಡ ಬೋಳಿಸಿಕೊಂಡರೆ ಅರ್ಧ ಮುಖ. ಚಪ್ಪಲಿ ಬಲಗಾಲಿಗೊಂದೇ. ಬಚ್ಚಲಿಗೆ ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿದು ಬಡಿದು ನೀಲಿಗಟ್ಟಿತ್ತು. "ಇದೇನಾಯ್ತು?" ಅಂತ ಕೇಳಿದರೆ, "ಯಾವುದು?" ಅನ್ನುತ್ತಿದ್ದರು.

ಗಾಡಿಯ ಕೀಯನ್ನು ನಾನು ರಾಗಿ ಡಬ್ಬದಲ್ಲಿ ಹೂತಿಟ್ಟಿದ್ದೆ. ಇನ್ನೊಂದು ಕೀ ಸೀಟಿನ ಕೆಳಗೆ ಇರುವುದು ನನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಗಿಸುತ್ತಿದ್ದಾಗ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿತು. ಬಕೆಟ್ ಬಿಟ್ಟು ಓಡಿದೆ. ಅಷ್ಟರಲ್ಲಿ ಬೀದಿಯ ಅರ್ಧ ದಾಟಿದ್ದರು. ರಸ್ತೆಯ ಎಡಬದಿಯಲ್ಲಿ ಸೊಪ್ಪು ಮಾರುವ ಅಜ್ಜಿ ದಿನವೂ ಕೂರುತ್ತಿದ್ದರು. ಗಾಡಿ ಅವರ ಬುಟ್ಟಿಯ ಮೇಲೆ ಹತ್ತಿ ಇಳಿಯಿತು. ಅಜ್ಜಿ ಆ ಕ್ಷಣಕ್ಕೆ ನೀರು ಕೇಳಲು ಎದುರು ಮನೆಯ ಬಾಗಿಲಿಗೆ ಹೋಗಿದ್ದರು. ಅಷ್ಟೇ, ಇನ್ನೇನೂ ಇಲ್ಲ. ನೀರಡಿಕೆ ಆಗದೆ ಇದ್ದಿದ್ದರೆ?

ಗಾಡಿ ನಿಧಾನವಾದದ್ದೇ ನಾನು ಕೂಗಿಕೊಂಡು ಅದಕ್ಕೆ ಅಡ್ಡ ಬಿದ್ದೆ. ಅವರು ಬ್ರೇಕ್ ಹಾಕಿ ಇಳಿದು, ಚಕ್ರದ ಕೆಳಗಿನ ದಂಟಿನ ಸೊಪ್ಪನ್ನು ನೋಡಿ, "ಯಾರು ಇಲ್ಲಿ ಬುಟ್ಟಿ ತಂದಿಟ್ಟೋರು?" ಅಂದರು. ಅಜ್ಜಿ ಚೊಂಬು ಹಿಡಿದು ನಿಂತಿದ್ದರು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ. ಆ ಇನ್ನೊಂದು ಕೀಯನ್ನೂ ಅವತ್ತೇ ಕಿತ್ತುಕೊಂಡು ಬಚ್ಚಿಟ್ಟೆ.

ನನ್ನ ಗಂಡನಿಗೆ ಫಿಸಿಯೋಥೆರಪಿ ಮಾಡಿಸುತ್ತಿದ್ದ ಹುಡುಗಿಗೆ ಇದನ್ನು ಹೇಳಿದೆ. ಚಿಕ್ಕ ವಯಸ್ಸಿನವಳು, ಸಮಾಧಾನದವಳು. ಕಾಗದದ ಮೇಲೆ ನಕ್ಷತ್ರಗಳನ್ನು ಹುಡುಕಿ ಗುರುತು ಹಾಕುವ ಅಭ್ಯಾಸವೊಂದನ್ನು ಕೊಡುತ್ತಿದ್ದಳು. ಇವರು ಎರಡು ದಿನ ಮಾಡಿ, ಎಲ್‌ಕೆಜಿ ಪಾಠ ಅಂತ ಪೆನ್ಸಿಲ್ ಎಸೆದಿದ್ದರು.

"ಅಂಕಲ್‌ಗೆ ಇಷ್ಟ ಆಗೋದು ಏನಾದ್ರೂ ಇದ್ಯಾ ಆಂಟಿ? ಮೊದಲು ಏನಾದ್ರೂ ಆಡ್ತಿದ್ರಾ?"

ಆಗ ನನಗೆ ಹುಳದ ಆಟ ನೆನಪಾಯಿತು.

ನಮ್ಮಪ್ಪ ಮುಳಬಾಗಿಲಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಆಳೆತ್ತರದ ನಾಲ್ಕು ಪೆಟ್ಟಿಗೆಗಳಿದ್ದವು. ಹತ್ತನೇ ಕ್ಲಾಸು ಮುಗಿಸಿದ ನಾನು ಬಾಗಿಲಲ್ಲಿ ಕೂತು ಟೋಕನ್ ಕೊಡುತ್ತಿದ್ದೆ. ಮೂಲೆಯ ಪೆಟ್ಟಿಗೆಯಲ್ಲಿ, ಕೆಳಗೊಂದು ಪುಟ್ಟ ವಿಮಾನ, ಮೇಲಿನಿಂದ ಸಾಲುಸಾಲಾಗಿ ಇಳಿಯುವ ಬಣ್ಣದ ಹುಳಗಳು. ಅವು ಕೆಳಗೆ ಮುಟ್ಟುವ ಮೊದಲು ಹೊಡೆದು ಉರುಳಿಸಬೇಕು. ಇಂಗ್ಲಿಷ್ ಹೆಸರು ಏನಿತ್ತೋ, ಊರಲ್ಲೆಲ್ಲ ಅದು ಹುಳದ ಆಟ. ಕುರುಡುಮಲೆಯಿಂದ ಸೈಕಲ್ಲಿನಲ್ಲಿ ಒಬ್ಬರು ಬರುತ್ತಿದ್ದರು. ಉಳಿದವರ ಟೋಕನ್ ಐದು ನಿಮಿಷಕ್ಕೆ ಮುಗಿದರೆ ಇವರದ್ದು ಒಂದು ಗಂಟೆ ನಡೆಯುತ್ತಿತ್ತು. ಜನ ಆಟ ಬಿಟ್ಟು ಇವರ ಹಿಂದೆ ನಿಂತು ನೋಡುತ್ತಿದ್ದರು. "ವೀಡು ನಾ ಅಂಗಡಿ ಮೂಯಿಸ್ತಾಡು" ಅಂತ ಅಪ್ಪ ತೆಲುಗಿನಲ್ಲಿ ಗೊಣಗುತ್ತಿದ್ದರು, ಇವನು ನನ್ನ ಅಂಗಡಿ ಮುಚ್ಚಿಸ್ತಾನೆ ಅಂತ. ಕೊನೆಗೆ ಮಗಳನ್ನು ಕೊಟ್ಟಿದ್ದೂ ಇವರಿಗೇ.

ನಮ್ಮ ಮಗಳು ದಿನವೂ ಕೋಲಾರಕ್ಕೆ ಹೋಗಿ ಬಂದು ಡಿಗ್ರಿ ಓದುತ್ತಾಳೆ. ಅವಳಿಗೆ ಹೇಳಿದ್ದೇ ತಡ, ಅದೇ ಆಟ ಈಗ ಹೊಸದಾಗಿ ಬಂದಿದೆ ಅಂತ ತನ್ನ ಫೋನಿಗೆ ಹಾಕಿಕೊಂಡಳು. ಮೊದಲು ಹಾಕಿದ್ದು ಕಣ್ಣು ಕುಕ್ಕುವ ಹಾಗಿತ್ತು. ಹುಳಗಳಿಗೆ ರೆಕ್ಕೆ, ಬೆಂಕಿ, ಸಿಡಿಯುವ ರತ್ನಗಳು. ವಿಮಾನ ತಾನಾಗಿಯೇ ಗುಂಡು ಹಾರಿಸುತ್ತಿತ್ತು. ಎರಡು ನಿಮಿಷಕ್ಕೊಂದು ಜಾಹೀರಾತು. "ಇದು ಆಟ ಅಲ್ಲ, ಜಾತ್ರೆ" ಅಂತ ಇವರು ಫೋನನ್ನು ವಾಪಸ್ ಕೊಟ್ಟರು. ಮಗಳು ಹುಡುಕಿ ಹುಡುಕಿ ಇನ್ನೊಂದನ್ನು ತಂದಳು. ಅದರಲ್ಲಿ 'ಹಳೆಯ ರೂಪ' ಅಂತ ಆರಿಸಿಕೊಂಡರೆ ಆ ಕಾಲದ ಚೌಕ ಚೌಕ ಹುಳಗಳೇ ಬರುತ್ತಿದ್ದವು, ಆ ಕಾಲದ ಟುಕ್ ಟುಕ್ ಸದ್ದಿನ ಸಮೇತ. ಅದನ್ನು ನನ್ನ ಫೋನಿಗೆ ಹಾಕಿ, ಆ ಫೋನನ್ನು ಟಿವಿಗೆ ಜೋಡಿಸಿ, ಬಟನ್ ಇರುವ ಒಂದು ಸಣ್ಣ ಸಾಧನವನ್ನು ಅವರ ಕೈಗೆ ಕೊಟ್ಟಳು.

ಆ ಸದ್ದು ಕೇಳಿದ್ದೇ ನನ್ನ ಗಂಡ ಬೆನ್ನು ನೆಟ್ಟಗೆ ಮಾಡಿ ಕೂತರು. ಬಲಗಡೆಯ ಹುಳಗಳನ್ನು ಹೊಡೆದುರುಳಿಸತೊಡಗಿದರು. ಅದೇ ವೇಗ, ಅದೇ ಗುರಿ. ಟಿವಿಯ ಬಲ ಅರ್ಧ ಪೂರ್ತಿ ಖಾಲಿಯಾಯಿತು. ಅವರು ಸಾಧನವನ್ನು ತೊಡೆಯ ಮೇಲಿಟ್ಟು, "ಆಯ್ತು, ಮುಂದಿನ ಹಂತ ಬರ್ಲಿ" ಅಂದರು.

ಎಡ ಅರ್ಧದಲ್ಲಿ ಐದು ಸಾಲು ಹುಳಗಳು ಇಳಿಯುತ್ತಲೇ ಇದ್ದವು. ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹುಳ ಬಂದು ವಿಮಾನವನ್ನು ಬಡಿಯಿತು.

"ಎಲ್ಲಿಂದ ಬಂತು ಇದು?"

"ಎಡಗಡೆಯಿಂದ ಅಪ್ಪಾ. ಅಲ್ಲಿ ಇನ್ನೂ ಅಷ್ಟೂ ಇದ್ವು."

"ಸುಳ್ಳು. ಆಟ ಕೆಡಿಸಿದ್ದಾರೆ. ಹಳೇದ್ರಲ್ಲಿ ಹೀಗೆ ಮೋಸ ಇರ್ಲಿಲ್ಲ."

ಆಡಿದಷ್ಟೂ ಸಲ ಹೀಗೇ ಆಯಿತು. ಪ್ರತಿ ಸಲವೂ ಬೈದದ್ದು ಆಟ ಮಾಡಿದವರನ್ನೇ.

ಫಿಸಿಯೋ ಹುಡುಗಿ ಒಂದು ಉಪಾಯ ಹೇಳಿದಳು. ಟಿವಿಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಆ ಪಟ್ಟಿ ಕಾಣುವವರೆಗೂ ಕತ್ತು ತಿರುಗಿಸಬೇಕು ಅಂತ ಅಭ್ಯಾಸ ಮಾಡಿಸುವುದು. ನಾನು ಪಕ್ಕದಲ್ಲೇ ಕೂತು ದಿನವೂ ಎರಡು ಹೊತ್ತು, "ಪಟ್ಟಿ ನೋಡ್ರಿ, ಪಟ್ಟಿ ನೋಡ್ರಿ" ಅಂತ ಜಪ ಮಾಡುತ್ತಿದ್ದೆ. ಮಾತಿನ ನಡುವೆ ಅವರು ದಿನವೂ ಕೀ ಕೇಳುತ್ತಿದ್ದರು. ಬೇಡಿಕೊಂಡರು, ರೇಗಿದರು, ಒಂದು ದಿನ ಊಟವನ್ನೇ ಬಿಟ್ಟರು. ಸಾಕಾಗಿ ನಾನೇ ಒಂದು ಮಾತು ಆಡಿಬಿಟ್ಟೆ.

"ಈ ಆಟದಲ್ಲಿ ಐದನೇ ಹಂತ ದಾಟಿ. ದಾಟಿದ ದಿನ ಕೀ ನಿಮ್ಮ ಕೈಗೆ ಕೊಡ್ತೀನಿ."

ಆಗ ಅವರು ಮೊದಲನೇ ಹಂತವನ್ನೂ ದಾಟುತ್ತಿರಲಿಲ್ಲ. ಜನ್ಮದಲ್ಲಿ ಆಗಲ್ಲ ಅನ್ನುವ ಧೈರ್ಯದಿಂದ ಆಡಿದ ಮಾತದು. ಕಟ್ಟಿಕೊಂಡ ಗಂಡ ಸೋಲಲಿ ಅಂತ ಲೆಕ್ಕ ಹಾಕಿದ್ದೆ.

ಆದರೆ ಅವರು ಪಟ್ಟು ಹಿಡಿದು ಕೂತರು. ಬೆಳಿಗ್ಗೆ ಕಾಫಿ ಆದಮೇಲೆ ಕೂತರೆ ಹನ್ನೊಂದರವರೆಗೆ. ಕತ್ತು ಎಡಕ್ಕೆ ತಿರುಗಿ, ಪಟ್ಟಿ ಹಿಡಿದು, ಅಲ್ಲಿಂದ ಬಲಕ್ಕೆ ಬರುತ್ತಿತ್ತು. ಮೂರು ವಾರಕ್ಕೆ ಎರಡನೇ ಹಂತ. ಆಮೇಲೆ ಮೂರು. ನನಗೂ ಆಸೆ ಹುಟ್ಟಿತು. ದೇವರ ಮುಂದೆ ದೀಪ ಹಚ್ಚುವಾಗ, ಅವರು ಗೆಲ್ಲಲಿ ಅಂತ ಬೇಡಿಕೊಳ್ಳಬೇಕೋ ಸೋಲಲಿ ಅಂತಲೋ ತಿಳಿಯದೆ ಸುಮ್ಮನೆ ನಿಲ್ಲುತ್ತಿದ್ದೆ. ಊಟಕ್ಕೆ ಕೂತಾಗ ಮಾತ್ರ ತಟ್ಟೆಯ ಅರ್ಧ ಹಾಗೇ ಉಳಿಯುತ್ತಿತ್ತು.

ಒಂದು ಶನಿವಾರ ಐದನೇ ಹಂತ ದಾಟಿದರು. ಮಗಳು ಚಪ್ಪಾಳೆ ತಟ್ಟಿ ತಕ್ಷಣ ನನ್ನ ಮುಖ ನೋಡಿ ನಿಲ್ಲಿಸಿದಳು. ನನ್ನ ಗಂಡ ಬಲಗೈ ಚಾಚಿದರು.

"ಕೊಡು."

"ಸೋಮವಾರ ಡಾಕ್ಟರ್ ಹತ್ರ ಒಂದು ಮಾತು ಕೇಳಿ..."

"ಡಾಕ್ಟರ್ ಮಾತು ಕೊಟ್ಟಿಲ್ಲ, ನೀನು ಕೊಟ್ಟಿರೋದು. ಕೊಡು ಕಣೇ."

ಕೊಡಲಿಲ್ಲ. ಅವರು ಕೂಗಾಡಲಿಲ್ಲ. "ನಿನ್ನಂಥೋಳ ಮಾತು ನಂಬಿದ್ನಲ್ಲ" ಅಂತ ಮೆಲ್ಲಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆ ದನಿಯಲ್ಲಿ ಮಾತಾಡಿದ್ದಿಲ್ಲ. ಎರಡು ದಿನ ನನ್ನ ಜೊತೆ ಮಾತಿಲ್ಲ, ಆಟವೂ ಇಲ್ಲ.

ಸೋಮವಾರ ಫಿಸಿಯೋ ಹುಡುಗಿಯ ಹತ್ತಿರ ಒಬ್ಬಳೇ ಹೋದೆ. "ಅಂಕಲ್ ಆಟ ಕಲ್ತಿದ್ದಾರೆ ಆಂಟಿ. ಪಟ್ಟಿ ಹುಡುಕೋದು ಕಲ್ತಿದ್ದಾರೆ. ಅದು ರಸ್ತೆಗೆ ಬರುತ್ತೆ ಅಂತ ಹೇಳೋಕಾಗಲ್ಲ. ಪಟ್ಟಿ ತೆಗೆದು ಒಂದ್ಸಲ ಆಡಿಸಿ ನೋಡಿ. ಆದ್ರೆ ನೀವು ಪಕ್ಕದಲ್ಲೇ ಇರಿ."

ಮನೆಗೆ ಬಂದು ಅವರ ಎದುರೇ ಟೇಪ್ ಕಿತ್ತೆ.

"ಯಾಕೆ ಕಿತ್ತೆ?"

"ರಸ್ತೇಲಿ ಪಟ್ಟಿ ಇರಲ್ಲ ರೀ. ಇದಿಲ್ದೆ ಒಂದೇ ಒಂದು ಹಂತ ದಾಟಿ. ಈ ಸಲ ದೇವರಾಣೆ, ಕೀ ಕೊಡ್ತೀನಿ. ನಾನೇ ಪಕ್ಕದಲ್ಲಿ ಕೂತ್ಕೊಂಡು ಬರ್ತೀನಿ."

"ಒಂದೇನು, ಹತ್ತು ದಾಟ್ತೀನಿ" ಅಂತ ಕೂತರು.

ಕತ್ತು ಅಭ್ಯಾಸಬಲದಿಂದ ಎಡಕ್ಕೆ ತಿರುಗಲು ಹೊರಟಿತು. ಹಿಡಿಯಲು ಏನೂ ಸಿಗದೆ ನಡುವಿನಲ್ಲೇ ನಿಂತು ವಾಪಸ್ ಬಂತು. ಬಲಗಡೆ ಖಾಲಿಯಾಯಿತು. ಎಡಗಡೆಯವು ಇಳಿದವು. ವಿಮಾನ ಸಿಡಿಯಿತು. ಮತ್ತೆ ಆಡಿದರು. ಮತ್ತೆ ಸಿಡಿಯಿತು. ನಾಲ್ಕನೇ ಸಲ ಬಲಗಡೆ ಎಲ್ಲ ಹೊಡೆದಮೇಲೆ ಬಟನ್ ಒತ್ತುವುದನ್ನು ನಿಲ್ಲಿಸಿದರು. ಟಿವಿಯಲ್ಲಿ ಟುಕ್ ಟುಕ್ ಸದ್ದು ಮಾತ್ರ ಜೋರಾಗುತ್ತಿತ್ತು. ನನ್ನ ಕಡೆ ನೋಡದೆ ಕೇಳಿದರು:

"ಎಡಗಡೆ ಇನ್ನೂ ಇದ್ದಾವಾ?"

"ಇದ್ದಾವೆ ರೀ."

"ಎಷ್ಟು?"

"ಎಲ್ಲಾ ಇದ್ದಾವೆ. ಒಂದೂ ಹೋಗಿಲ್ಲ."

ಸಾಧನವನ್ನು ತೊಡೆಯ ಮೇಲಿಟ್ಟರು. ಆಮೇಲೆ, "ಆ ಸೊಪ್ಪಿನ ಅಜ್ಜಿ ಅವತ್ತು ಎಲ್ಲಿ ಕೂತಿದ್ರು?" ಅಂದರು.

"ನಿಮ್ಮ ಎಡಗಡೆಗೆ."

ಅವರ ಮುಖ ನಾನು ಮರೆಯಲಾರೆ. ಕುಸಿದು ಬಿದ್ದ ದಿನ ತಿಳಿಯದೆ ಇದ್ದದ್ದು ಆ ಹೊತ್ತಿನಲ್ಲಿ ತಿಳಿಯಿತು. ಐವತ್ತು ದಾಟಿದ ಮನುಷ್ಯ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, "ನಾನು ಕೊಂದುಬಿಡ್ತಿದ್ನಲ್ಲೇ" ಅಂತ ಬಿಕ್ಕಿದರು. ಅವರನ್ನು ಹಿಡಿದುಕೊಂಡೆ. ಗೆದ್ದವಳು ನಾನು, ಆ ಗೆಲುವನ್ನು ಎಲ್ಲಾದರೂ ಎಸೆದು ಬರುವ ಹಾಗಿದ್ದರೆ ಅವತ್ತೇ ಎಸೆದು ಬರುತ್ತಿದ್ದೆ. ತಿಳಿಯದೆ ಇದ್ದಾಗ ಅವರು ಅರ್ಧ ಲೋಕದಲ್ಲಾದರೂ ಖುಷಿಯಾಗಿದ್ದರು.

ಮಾರನೆಯ ದಿನ ಅವರೇ ಗಾಡಿ ಮಾರೋಣ ಅಂದರು. ಶ್ರೀನಿವಾಸಪುರದ ಮಾವಿನ ಮಂಡಿಯ ಪರಿಚಯದವರೊಬ್ಬರು ಬಂದು ನೋಡಿ ಒಪ್ಪಿದರು. ಗಾಡಿ ಹೊರಟ ದಿನ ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. ಬೀದಿ ನಮ್ಮ ಮನೆಯ ಎಡಕ್ಕೆ ಉದ್ದವಾಗಿ ಹೋಗುತ್ತದೆ. ಗಾಡಿ ಗೇಟು ದಾಟಿ ಆ ಕಡೆ ತಿರುಗಿದ್ದೇ, "ಹೋಯ್ತಾ?" ಅಂದರು.

ಅದು ಇನ್ನೂ ಹತ್ತು ಮಾರು ದೂರದಲ್ಲಿತ್ತು. ಹಿಂದಿನ ಬಾಗಿಲಿನ ಮೇಲೆ ಮಗಳು ಚಿಕ್ಕವಳಿದ್ದಾಗ ಅಂಟಿಸಿದ ಹೂವಿನ ಚಿತ್ರವೂ ಕಾಣುತ್ತಿತ್ತು. "ಹೂಂ, ಹೋಯ್ತು" ಅಂದೆ.

ಆಟವನ್ನು ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಬಿಡಲಿಲ್ಲ. ಈ ಆಟದಲ್ಲೇ ಇಬ್ಬರು ಒಟ್ಟಿಗೆ ಆಡುವ ಸೌಲಭ್ಯವೂ ಇದೆ, ಎರಡು ವಿಮಾನ ಬರುತ್ತವೆ. ಮಗಳು ಅದನ್ನು ಹಾಕಿಕೊಟ್ಟಿದ್ದಾಳೆ. ಸಂಜೆ ಕಾಫಿ ಆದಮೇಲೆ ಅವರು ಬಲಗಡೆ ನೋಡಿಕೊಳ್ಳುತ್ತಾರೆ, ನಾನು ಎಡಗಡೆ. ನನ್ನ ಕೈ ನಿಧಾನ. ಮೂರನೇ ಹಂತಕ್ಕೆ ಬರುವ ಹೊತ್ತಿಗೆ ನನ್ನ ಕಡೆಯ ಹುಳಗಳು ಇಳಿದುಬಿಡುತ್ತವೆ. ಅವರಿಗೆ ಅದು ಕಾಣುವುದಿಲ್ಲ; ಯಾಕೆ ಸೋತೆವು ಅಂತ ನನ್ನನ್ನು ಕೇಳುತ್ತಾರೆ. ತಪ್ಪು ನನ್ನದು ಅಂತ ಹೇಳುತ್ತೇನೆ.