ಗುಲಾಬಿಯ ಹೆಸರಿನಲ್ಲಿ ಕುಡಿದ ಮದ್ದು

ಅಪ್ಪಿಯ ಮುಂದಿನ ಹಲ್ಲು ಮುರಿದದ್ದು ಬಯಕೆಯ, ಅಂದರೆ ಸೀಮಂತದ ದಿನ. ಸಾವಿರದ ಒಂಬೈನೂರ ಮೂವತ್ತರ ಆಚೀಚೆ, ದೇರೆಬೈಲಿನ ಗಂಡನ ಮನೆಯ ತುಂಬ ನೆಂಟರು. ಹೂ ಮುಡಿದು ಎಲೆಯ ಮುಂದೆ ಕೂತ ಬಸುರಿ ಉರುಳಿಬಿದ್ದು ಸೆಟೆದುಕೊಂಡಳು. ಯಾರೋ ಕಬ್ಬಿಣದ ಬೀಗದ ಕೈ ತಂದು ಬಾಯಿಗೆ ತುರುಕಿದರು. ಎಚ್ಚರವಾದಾಗ ಬಾಯಿ ತುಂಬ ರಕ್ತ, ಏನಾಯಿತೆಂದು ಅವಳಿಗೆ ಗೊತ್ತಿಲ್ಲ.

ಅಪಸ್ಮಾರ ಅವಳಿಗೆ ಹೊಸತಲ್ಲ. ಆಸ್ಪತ್ರೆಯ ನರ್ಸ್ ಎಸ್ತೆರ್‌ಬಾಯಿ ಕೊಡುತ್ತಿದ್ದ ಉಪ್ಪುಪ್ಪು ಮದ್ದು ಕುಡಿಯುತ್ತಿದ್ದಾಗ ಅಪರೂಪಕ್ಕೆ ಬಂದು ಹೋಗುತ್ತಿತ್ತು. ಬಸುರಾದದ್ದೇ ತಡ, ಮದ್ದು ಮಗುವಿಗೆ ನಂಜು ಎಂದು ಮುದ್ದು ಎಂಬ ಹೆಸರಿನ ಅವಳ ಅತ್ತೆ ಬಾಟಲಿಯನ್ನು ತೆಂಗಿನ ಬುಡಕ್ಕೆ ಸುರಿದಳು. ಮಗುವಿಗಿಂತ ಮದ್ದು ದೊಡ್ಡದೇ ಎಂದು ಅಪ್ಪಿಯೂ ಒಪ್ಪಿದಳು. ಆಮೇಲೆ ವಾಂತಿ, ನಿದ್ದೆಗೇಡು, ವಾರ ವಾರವೂ ಬೀಳುವುದು. ಮದ್ದು ಬಿಟ್ಟದ್ದಕ್ಕೇ ಹೀಗೆಂದು ಎಸ್ತೆರ್‌ಬಾಯಿ ಮನೆಗೇ ಬಂದು ಗದರಿ ಹೊಸ ಬಾಟಲಿ ಕೊಟ್ಟು ಹೋದರು. ಅದು ಅಟ್ಟ ಸೇರಿತು.

ಬಯಕೆ ಮುಗಿಸಿ ತವರಿಗೆ ಹೊರಡಬೇಕಾದವಳನ್ನು ತಡೆದು, ಮಂತ್ರವಾದಿ ನೋಣಯ್ಯನನ್ನು ಕರೆಸಿದರು. ಗಂಡ ದುಗ್ಗಪ್ಪನ ಮೊದಲ ಹೆಂಡತಿ ಗುಲಾಬಿ ಹೆರಿಗೆಯಲ್ಲಿ ಮಗುವಿನೊಂದಿಗೆ ಸತ್ತಿದ್ದಳು. ಅವಳ ಪ್ರೇತವೇ ಕುಲೆಯಾಗಿ ಇವಳನ್ನು ಹಿಡಿದಿದೆ ಎಂದ ನೋಣಯ್ಯ. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಗಟ್ಟಿಯಾದ ಕೈಗಳಿಂದ ದುಗ್ಗಪ್ಪ ಹೆಂಡತಿಯನ್ನು ಕಂಬಕ್ಕೆ ಒತ್ತಿ ಹಿಡಿದ. ಥೂ, ಅಂಥ ಗಂಡಸುತನಕ್ಕೆ ಬೆಂಕಿ ಬೀಳಲಿ. ನಾಗರಬೆತ್ತ ಬೆನ್ನಿಗೆ ಬಿತ್ತು, ತೊಡೆಗೆ ಬಿತ್ತು, ಚರ್ಮ ಸುಲಿಯಿತು. ಯಾರು ನೀನು, ಹೆಸರು ಹೇಳು ಎನ್ನುತ್ತ ನೋಣಯ್ಯ ಹೊಟ್ಟೆಯ ಕಡೆಗೆ ಬೆತ್ತ ಎತ್ತಿದ.

ಅಪ್ಪಿಯ ಮೈಮೇಲೆ ಆಗ ರೋಗವೂ ಇರಲಿಲ್ಲ, ಕುಲೆಯೂ ಇರಲಿಲ್ಲ. ಒಳಗೆ ಮಗು ಒದೆಯುತ್ತಿತ್ತು, ಅಷ್ಟೆ. ಗಂಡನ ಕೈಯನ್ನು ಎಲುಬು ಸಿಗುವಷ್ಟು ಕಚ್ಚಿ ಬಿಡಿಸಿಕೊಂಡಳು. ಬೆತ್ತ ಕಸಿದು ನೋಣಯ್ಯನ ಮೋರೆಗೇ ಬಾರಿಸಿದಳು. ಹುಬ್ಬು ಒಡೆದು ಅವನು ಕುಸಿದು ಕೂತ. ನಾನು ಅಪ್ಪಿ, ನಾನು ಅಪ್ಪಿ ಎಂದು ಅವಳು ಇಷ್ಟು ಹೊತ್ತೂ ಅರಚಿದ್ದನ್ನು ಯಾರೂ ಕೇಳಿರಲಿಲ್ಲ. ಈಗ ಸ್ವರ ತಗ್ಗಿಸಿದಳು.

"ಹೌದು, ನಾನು ಗುಲಾಬಿ. ನನ್ನ ಮಗು ಹೋಯಿತು, ಇದು ಉಳಿಯಬೇಕು. ಅತ್ತೆ, ಅಟ್ಟದಲ್ಲಿ ಇವಳ ಮದ್ದು ಉಂಟಲ್ಲ, ಅದನ್ನು ದಿನಾ ನೀವೇ ಕುಡಿಸಬೇಕು. ಇನ್ನೊಂದು ಪೆಟ್ಟು ಬಿದ್ದರೆ ಈ ಮನೆಯಲ್ಲಿ ಒಬ್ಬರನ್ನೂ ಬಿಡುವುದಿಲ್ಲ."

ಅತ್ತೆ ಮುದ್ದು ಅಟ್ಟ ಹತ್ತಿ ಬಾಟಲಿ ಇಳಿಸಿ ತಂದಳು.

ಬೀಳುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಹೆಣ್ಣುಮಗು ಹುಟ್ಟಿತು, ಬದುಕಿತು. ಬಾಟಲಿ ಮುಗಿದಾಗಲೆಲ್ಲ ಆಸ್ಪತ್ರೆಯಿಂದ ಹೊಸತು ಬಂತು, ಅತ್ತೆ ಸಾಯುವವರೆಗೂ ಮದ್ದು ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ಎದ್ದು ಚಮಚ ಹಿಡಿದು ಬಂದು, ತಲೆ ಎತ್ತದೆ, ತಗೋ ಗುಲಾಬಿ ಎನ್ನುತ್ತಿದ್ದಳು. ಅಪ್ಪಿ ಬಾಯಿ ತೆರೆಯುತ್ತಿದ್ದಳು. ಆ ಮನೆಯಲ್ಲಿ ಅವಳನ್ನು ಅಪ್ಪಿ ಎಂದು ಮತ್ತೆ ಯಾರೂ ಕರೆಯಲಿಲ್ಲ.